ಬೆಸುಗೆ ಕಾಣದ ಉಯ್ಯಾಲೆ

ಪ್ರಮೀಳಾ ಹುಣಸೂರಿನ ಹೊರಗಿನ ಒಂದು ಸ್ಟೀಲ್ ಫರ್ನಿಚರ್ ಶೆಡ್ಡಿನಲ್ಲಿ ಪಾಲಿಶ್ ಕೆಲಸದವಳು. ಅದಕ್ಕೂ ಮೊದಲು ಹನ್ನೊಂದು ವರ್ಷ ಹೊಗೆಸೊಪ್ಪು ವಿಂಗಡಿಸುತ್ತಿದ್ದಳು. ಎಲೆ ಮುಟ್ಟಿದರೆ ಸಾಕು, ಯಾವ ದರ್ಜೆ ಅಂತ ಹೇಳುತ್ತಿದ್ದಳು. ಅದೇ ಬೆರಳು ಈಗ ಸ್ಟೀಲಿನ ಮೇಲೆ ಓಡುತ್ತದೆ.

ಬಟ್ಟೆಯ ಚಕ್ರಕ್ಕೆ ಸೋಪು ಹಚ್ಚಿ ತಿರುಗಿಸಿದರೆ ಕನ್ನಡಿ ಪಾಲಿಶ್. ಒರಟು ಪಟ್ಟಿಯಲ್ಲಿ ಒಂದೇ ದಿಕ್ಕಿಗೆ ಎಳೆದರೆ ಕೂದಲಂಥ ಗೆರೆಗಳ ಮ್ಯಾಟ್. ಬೆರಳ ಗುರುತು ಕಾಣುವುದಿಲ್ಲವೆಂದು ಊಟದ ಮೇಜಿನ ಕಾಲಿಗೆ ಅದನ್ನೇ ಕೇಳುತ್ತಾರೆ. ಚಿನ್ನದ ಬಣ್ಣ ಬೇಕಾದರೆ ಸಾಮಾನು ಮೈಸೂರಿಗೆ ಹೋಗಿ ಬರಬೇಕು. ಕಬ್ಬಿಣದ ಪೈಪಿಗೆ ಪುಡಿಬಣ್ಣ ಬೇಯಿಸಿ ತೇಗದ ಗೆರೆ ಮೂಡಿಸಿದರೆ ಬಡಗಿಯೂ ಒಮ್ಮೆ ಮೋಸ ಹೋಗುತ್ತಾನೆ. ಲೋಹ ಅದೇ, ವೇಷ ನೂರು. ಜನ ಬರುವುದು ವೇಷ ನೋಡಿಯೇ. ವೇಷ ಕಟ್ಟುವವಳ ಮೂಗಿಗೆ ಮಾಲೀಕ ಕೊಟ್ಟಿದ್ದು ಒಂದು ಹಳೇ ಟವೆಲ್ಲು. ಸಂಜೆ ಸೀನಿದರೆ ಕರಿ ಬರುತ್ತದೆ.

ದಸರಾಕ್ಕೆ ಒಂದು ತಿಂಗಳ ಮುಂಚೆ ಬೆಟ್ಟದಪುರದ ಗುರುಶಾಂತಮ್ಮ ಹೊಸ ಮನೆಯ ಹಜಾರಕ್ಕೆಂದು ಉಯ್ಯಾಲೆ ಮಾಡಿಸಿದರು. ನಾಲ್ಕು ಸ್ಟೀಲ್ ಕಡ್ಡಿ, ಅಗಲವಾದ ಸೀಟು. ಕಡ್ಡಿ ಸೀಟಿಗೆ ಸೇರುವ ಕಡೆ ಬೆಸುಗೆಯ ಉಬ್ಬು ಕಂಡು ಮುಖ ಸಿಂಡರಿಸಿದರು.

"ಇದೇನಪ್ಪ ಗಂಟು ಗಂಟು? ಸೀರೆಗೆ ತಗುಲ್ತದೆ. ಬೆಸುಗೆ ಹಾಕಿರೋದೇ ಕಾಣಬಾರ್ದು, ಒಂದೇ ಕಡ್ಡಿ ಬಗ್ಸಿದಂಗಿರ್ಬೇಕು."

ಮಾಲೀಕ ಧರ್ಮೇಂದ್ರ ತಲೆಯಾಡಿಸಿದ. ಬೆಸೆದವನು ಅವನೇ. ಪ್ರಮೀಳಾ ಗ್ರೈಂಡರ್ ಹಿಡಿದು ಉಬ್ಬನ್ನು ಕೆರೆದಳು. ಗುರುಶಾಂತಮ್ಮನಿಗೆ ಸಾಲಲಿಲ್ಲ. ಮತ್ತೆ ಕೆರೆದಳು. ಮೂರನೇ ಸಲ ಮುಟ್ಟಿದಾಗ ಅವಳ ಬೆರಳಿಗೇ ಜೋಡಣೆ ಸಿಗಲಿಲ್ಲ. ತನ್ನ ಕೈಯ ಬಗ್ಗೆ ಆಗ ಹೆಮ್ಮೆಪಟ್ಟಿದ್ದಳು.

ದಸರಾ ರಜೆಯಲ್ಲಿ ಒಂದು ಮಧ್ಯಾಹ್ನ ಯಾರೋ ಗಿರಾಕಿ ಕಾಲು ಮುರಿದ ಸ್ಟೂಲೊಂದನ್ನು ಶೆಡ್ಡಿಗೆ ತಂದು ಎಸೆದು ಹೋದ. ಅದೂ ಇದೇ ಶೆಡ್ಡಿನದು, ಬೆಸುಗೆ ಕಾಣದಂತೆ ಉಜ್ಜಿದ್ದೇ. ಪ್ರಮೀಳಾ ಮುರಿದ ಬಾಯಿ ನೋಡಿದಳು. ಒಳಗೆ ಬೆಸುಗೆ ಕಚ್ಚಿಯೇ ಇರಲಿಲ್ಲ. ಇದ್ದದ್ದೆಲ್ಲ ಮೇಲಿನ ಉಬ್ಬು; ಅದನ್ನು ಅವಳೇ ಕೆರೆದಿದ್ದಳು. ಈರುಳ್ಳಿ ಸಿಪ್ಪೆಯಷ್ಟು ಉಳಿದಿತ್ತು.

ಸ್ಟೂಲನ್ನು ಮಾಲೀಕನ ಮುಂದಕ್ಕೆ ತಳ್ಳಿದಳು.

"ಧರ್ಮೇಂದ್ರಣ್ಣ, ಬೆಟ್ಟದಪುರದ ಉಯ್ಯಾಲೆಗೂ ಇಂಗೇ ಮೇಲ್ಮೇಲೆ ಬೆಸ್ದಿದ್ಯಾ?"

ಅವನು ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ಅರ್ಜೆಂಟಿತ್ತು ಕಣಕ್ಕ."

"ಅದ್ರ ಮ್ಯಾಲೆ ನಾನು ಮೂರ್ ಸಾರಿ ಗ್ರೈಂಡರ್ ಹಿಡ್ದಿವ್ನಿ."

"ಬಾಯ್ ಮುಚ್ಕಂಡಿರು. ಒಂದ್ ಮನೇಲಿ ಗೊತ್ತಾದ್ರೆ ನಾಕ್ ತಾಲ್ಲೂಕಿಗೂ ಗೊತ್ತಾಯ್ತದೆ. ನಾಡಿದ್ದು ನಾನೇ ಹೋಗಿ ನೋಡ್ಕಂಡ್ ಬತ್ತೀನಿ ಬುಡು."

"ನಾಡಿದ್ದಿನಗಂಟ ಅದು ನಿಂಗೆ ಕಾಯ್ತದಾ?"

ಗುರುಶಾಂತಮ್ಮನಿಗೆ ಎರಡು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಟವೆಲ್ಲು ಬಿಸಾಕಿ ಬೆಟ್ಟದಪುರದ ಬಸ್ಸು ಹತ್ತಿದಳು. ಬಸ್ಸು ಹಳ್ಳಕ್ಕಿಳಿದು ಎಗರಿದಾಗಲೆಲ್ಲ ಅವಳ ಕಣ್ಣೆದುರು ಒಂದು ಕಡ್ಡಿ ಕಳಚುತ್ತಿತ್ತು. ರಜೆ. ಮೊಮ್ಮಕ್ಕಳು ಬಂದಿರುತ್ತಾರೆ. ಕೆಳಗೆ ಗ್ರಾನೈಟು. ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದ್ದು ಅವಳಿಗೆ ಕೇಳಿಸಲಿಲ್ಲ.

ಮನೆಯ ಬಾಗಿಲಿಗೆ ಬಂದಾಗ ಒಳಗಿಂದ ಕಿರ್ ಕಿರ್ ಸದ್ದು. ಉಯ್ಯಾಲೆಯ ನಡುವೆ ಗುರುಶಾಂತಮ್ಮ, ಅಕ್ಕಪಕ್ಕ ಇಬ್ಬರು ಮಕ್ಕಳು. ಅಜ್ಜಿ ಕಾಲಲ್ಲಿ ನೆಲ ಒದೆಯುತ್ತಿದ್ದರು, ಮಕ್ಕಳು "ಇನ್ನೂ ಜೋರು" ಅನ್ನುತ್ತಿದ್ದವು.

ಕೂಗೋಣವೆಂದರೆ ಪ್ರಮೀಳಾಗೆ ಭಯ. ಗಾಬರಿಗೆ ಎಗರಿದರೆ ಅಲ್ಲೇ ಕಿತ್ತು ಬರಬಹುದು. ಮುರಿಯುತ್ತದೆ ಅಂದರೆ ಈ ಯಮ್ಮ ನಂಬುವವರಲ್ಲ. ನಗುತ್ತ ಇನ್ನೊಂದು ಸಲ ಒದೆಯುತ್ತಾರೆ.

"ಏನಮ್ಮಿ, ಉಯ್ಯಾಲೆ ವಾಪಸ್ ತಗಂಡೋಗಕ್ಕೆ ಬಂದ್ಯಾ?" ಗುರುಶಾಂತಮ್ಮ ನಕ್ಕರು.

"ಅಮ್ಮಾರೆ, ಪಾಲಿಶ್ ಸೋಪು ಸಂದೀಲಿ ಉಳ್ಕಂಡದೆ. ಸೀರೆಗೆ ಕಪ್ಪು ಅಂಟ್ಕಂಡ್ರೆ ಏನ್ ಮಾಡುದ್ರೂ ಹೋಗಕ್ಕಿಲ್ಲ."

"ಅಯ್ಯೋ ನಿನ್ನ! ಮೊದ್ಲೇ ಹೇಳೋಕೇನಾಗಿತ್ತು?" ಗುರುಶಾಂತಮ್ಮ ಕಾಲೂರಿ ಉಯ್ಯಾಲೆ ನಿಲ್ಲಿಸಿ, ಸೆರಗು ಬಾಚಿಕೊಂಡು ಇಳಿದರು. ಮಕ್ಕಳನ್ನೂ ರಟ್ಟೆ ಹಿಡಿದು ಇಳಿಸಿದರು.

ಪ್ರಮೀಳಾ ಮಂಡಿಯೂರಿ ಒಂದೊಂದೇ ಮೂಲೆಯ ಮೇಲೆ ಹೆಬ್ಬೆರಳು ಎಳೆದಳು. ಎರಡು ಮೂಲೆ ನುಣುಪು. ಮೂರನೆಯದರಲ್ಲಿ ಉಗುರು ಸಿಕ್ಕಿಕೊಂಡಿತು. ಸೀಟನ್ನು ಕೆಳಕ್ಕೆ ಒತ್ತಿದಳು. ಕನ್ನಡಿಯಂಥ ಸ್ಟೀಲಿನಲ್ಲಿ ಸಣ್ಣ ಬಾಯಿ ತೆರೆಯಿತು, ಬಿಟ್ಟರೆ ಮುಚ್ಚಿತು. ಅದನ್ನು ನೋಡಿ ಗುರುಶಾಂತಮ್ಮ ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು.

"ಸೋಪು ಅಂದೆಯಲ್ಲೇ?"

"ಮುರೀತದೆ ಅಂದಿದ್ರೆ ನೀವು ಇಳೀತಿದ್ರಾ? ಸೀರೆ ಅಂದೆ, ಇಳುದ್ರಿ."

"ನನ್ನ ಮೊಮ್ಮಕ್ಕಳ ತಲೆ ಒಡಿಯೋಕೆ ಮಾಡ್ಕೊಟ್ರಾ ಇದ್ನ?"

"ಅವನು ಸರ್ಯಾಗಿ ಬೆಸೀನಿಲ್ಲ. ನೀವು ಕಾಣಬಾರ್ದು ಅಂದ್ರಿ. ಕಾಣ್ದಂಗೆ ಮಾಡ್ದೋಳು ನಾನು. ಬಯ್ಯೋದಾದ್ರೆ ಆಮೇಲ್ ಬಯ್ರಿ, ಮೊದ್ಲು ಇದ್ನ ಕೊಕ್ಕೆಯಿಂದ ಇಳ್ಸಣ."

ಇಬ್ಬರೂ ಸೇರಿ ಉಯ್ಯಾಲೆ ಇಳಿಸಿ ಗೋಡೆಗೆ ಒರಗಿಸಿದರು. ಏದುಸಿರು ಬಿಡುತ್ತ ಗುರುಶಾಂತಮ್ಮ ಕೇಳಿದರು: "ಇಂಥವು ಇನ್ನೂ ಯಾರ್ ಯಾರ ಮನೇಲವೆ?"

ಬಸ್ಸಿನಲ್ಲಿ ಈ ಮನೆಯೊಂದೇ ಪ್ರಮೀಳಾಳ ತಲೆ ತುಂಬಿತ್ತು. ಈಗ ಉಳಿದವು ಒಂದೊಂದಾಗಿ ಎದ್ದು ನಿಂತವು. ಹ್ಯಾಂಡ್‌ಪೋಸ್ಟ್ ಊರಿನ ಮಂಚ, ಮುರಿದರೂ ಬೀಳುವುದು ಒಂದೂವರೆ ಅಡಿ. ಬಿಳಿಕೆರೆಯ ಬೆಂಚು, ಅದೂ ಅಷ್ಟೇ. ಕೆ.ಆರ್. ನಗರದ ಎರಡನೇ ಮಹಡಿಯ ಬಾಲ್ಕನಿ ಕಂಬಿ. ಮ್ಯಾಟ್ ಫಿನಿಶ್, ಒಂದು ಗಂಟೂ ಕಾಣದ ಹಾಗೆ. ಅಳವಡಿಸಿದ ದಿನವೇ ಆ ಮನೆಯ ಮಕ್ಕಳು ಅದಕ್ಕೆ ಹೊಟ್ಟೆಯಾನಿಸಿ ಬೀದಿ ನೋಡುತ್ತಿದ್ದವು.

ಪ್ರಮೀಳಾ ಬಾಗಿಲ ಕಡೆ ತಿರುಗಿದಳು.

"ಅಮ್ಮಾರೆ, ಕೇಯಾರ್ ನಗರಕ್ಕೆ ಇಲ್ಲಿಂದ ಬಸ್ ಎಷ್ಟೊತ್ತಿಗೆ?"

ಗುರುಶಾಂತಮ್ಮ ಅವಳ ಮುಖ ನೋಡಿದರು. ಒಳಕ್ಕೆ ತಿರುಗಿ ಮಗನನ್ನು ಕೂಗಿದರು: "ಬಸವರಾಜೂ, ಉಣ್ಣೋದು ಬುಟ್ಟು ಕಾರ್ ತಗಿ. ಬೇಗ ಕಣೋ!"