ದಿನಾಂಕವನ್ನು ಕೊನೆಗೆ ಬರೆಯುವ ಬೋರ್ಡಕ್ಕ

ಬೆಳಗಿನ ನಾಲ್ಕೂ ಕಾಲು. ಬಸ್ ಡಿಪೋದ ಅಂಗಳದಲ್ಲಿ ಇನ್ನೂರಕ್ಕೂ ಹೆಚ್ಚು ಬಸ್ಸುಗಳು ಮೂತಿಗೆ ಮೂತಿ ತಾಗಿಸಿಕೊಂಡು ನಿಂತಿವೆ. ತೊಳೆಯುವವರು ಪೈಪು ಹಿಡಿದು ಒಂದೊಂದಕ್ಕೇ ಸ್ನಾನ ಮಾಡಿಸುತ್ತಿದ್ದಾರೆ. ಕಂಟ್ರೋಲ್ ರೂಮಿನ ಪಕ್ಕದ ಕಿರುಕೋಣೆಯಲ್ಲಿ ಐವತ್ತೊಂದು ವರ್ಷದ ಹೆಂಗಸೊಬ್ಬರು ಸ್ವೆಟರಿನ ತೋಳು ಮೇಲೆ ಸರಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಎರಡೇ ಎರಡು ಬೆರಳಿನಲ್ಲಿ ಕಂಪ್ಯೂಟರಿಗೆ ಹೆಸರುಗಳನ್ನು ಕುಟ್ಟುತ್ತಿದ್ದಾರೆ. ಪಕ್ಕದಲ್ಲಿ ಫೋನು ಬಡಿದುಕೊಳ್ಳುತ್ತದೆ. ಯಾರಿಗೋ ಜ್ವರವಂತೆ. ಒಂದು ಹೆಸರು ಹೋಗಿ ಇನ್ನೊಂದು ಬರುತ್ತದೆ. ಮತ್ತೆ ಫೋನು. ಯಾರದೋ ಬೆನ್ನು ಹಿಡಿದುಕೊಂಡಿದೆಯಂತೆ. ಇನ್ನೊಂದು ಹೆಸರು.

ನಾಲ್ಕೂವರೆಗೆ ಎಲ್ಲವೂ ಒಂದು ಹದಕ್ಕೆ ಬಂದ ಮೇಲೆ, ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಬೆರಳಿಟ್ಟು ಓದಿ, ಕೊನೆಯದಾಗಿ ದಿನಾಂಕ ಹಾಕುತ್ತಾರೆ. ಗುಂಡಿ ಒತ್ತುತ್ತಾರೆ. ಊರಿನ ಮೂಲೆಮೂಲೆಯ ಮನೆಗಳಲ್ಲಿ ಅಡುಗೆಮನೆಯಲ್ಲೋ ಹಾಸಿಗೆಯಲ್ಲೋ ಇರುವ ಮೂವತ್ತೆಂಟು ಮಂದಿ ಬದಲಿ ಡ್ರೈವರುಗಳು ಫೋನು ತೆರೆದು ನೋಡುತ್ತಾರೆ. ಹೆಸರಿದ್ದವರು ಬಟ್ಟೆ ಹಾಕಿಕೊಳ್ಳುತ್ತಾರೆ. ಇಲ್ಲದವರು ಮಗ್ಗುಲು ಬದಲಿಸುತ್ತಾರೆ.

ಇಷ್ಟು ಸಣ್ಣ ಸಂಗತಿ ಪತ್ರಿಕೆಯಲ್ಲಿ ಬರೆಯುವಂಥದ್ದೇ ಎಂದು ಮೂಗು ಮುರಿಯಬೇಡಿ. ಡ್ರೈವರುಗಳು ಫೋನಿನಲ್ಲಿ ತೆರೆದು ನೋಡುವ ಆ ವೆಬ್ ಪುಟವನ್ನು ಕಟ್ಟಿದ್ದು ಯಾವ ಕಂಪನಿಯೂ ಅಲ್ಲ. ಹತ್ತನೇ ತರಗತಿಗೆ ಓದು ನಿಲ್ಲಿಸಿದ, ಹತ್ತೊಂಬತ್ತು ವರ್ಷ ಸೀಮೆಸುಣ್ಣ ಬಿಟ್ಟು ಬೇರೇನೂ ಹಿಡಿಯದ ಈ ಹೆಂಗಸೇ. ಡಿಪೋದಲ್ಲಿ ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಮ್ಯಾನೇಜರಿಂದ ಹಿಡಿದು ಟಯರಿಗೆ ಗಾಳಿ ಹಾಕುವವರ ತನಕ ಎಲ್ಲರಿಗೂ ಅವರು ಬೋರ್ಡಕ್ಕ.

ಬೋರ್ಡು ಎಂದರೆ ಕಂಟ್ರೋಲ್ ರೂಮಿನ ಹೊರಗೋಡೆಯ ಮೇಲಿರುವ, ಆಳೆತ್ತರದ ಕರಿಹಲಗೆ. ಯಾವ ಬಸ್ಸು, ಯಾವ ದಾರಿ, ಯಾರು ಡ್ರೈವರು ಎಂದು ಅದರ ಮೇಲೆ ಪ್ರತಿದಿನ ಬರೆಯಬೇಕು. ಕಾಯಂ ನೌಕರರಿಗೆ ತಮ್ಮ ಪಾಳಿ ವಾರಕ್ಕೆ ಮೊದಲೇ ಗೊತ್ತಿರುತ್ತದೆ. ಫಜೀತಿಯೆಲ್ಲ ಬದಲಿಯವರದು. ಯಾರಾದರೂ ರಜೆ ಹಾಕಿದರೆ ಇವರಿಗೆ ಕೆಲಸ, ಇಲ್ಲದಿದ್ದರೆ ಇಲ್ಲ. ಪುಟ ಬರುವ ಮುಂಚೆ ಅದು ಗೊತ್ತಾಗುತ್ತಿದ್ದುದು ನಾಲ್ಕೂವರೆಗೆ, ಬೋರ್ಡಿನ ಮುಂದೆ. ಹಾಗಾಗಿ ಮೂವತ್ತೆಂಟು ಜನವೂ ಪ್ರತಿದಿನ ಬರಬೇಕಿತ್ತು. ಅವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಬೋರ್ಡು ನೋಡಿ, ಮುಖ ಸಪ್ಪಗೆ ಮಾಡಿಕೊಂಡು, ಬಂದ ದಾರಿಯಲ್ಲೇ ವಾಪಸು ಹೋಗಬೇಕಿತ್ತು.

ಈ ಬೋರ್ಡಿಗೆ ಒಂದು ಕಟ್ಟುನಿಟ್ಟಿನ ರೂಢಿಯಿದೆ. ದಿನಾಂಕವನ್ನು ಮೊದಲು ಬರೆಯುವಂತಿಲ್ಲ. ಎಲ್ಲ ಹೆಸರು ಬರೆದು, ತಿದ್ದಿ, ಒರೆಸಿ, ಮತ್ತೆ ಬರೆದು, ಇನ್ನು ಬದಲಾವಣೆಯಿಲ್ಲ ಎಂದಾದ ಮೇಲೆಯೇ ಮೂಲೆಯಲ್ಲಿ ದಿನಾಂಕ ಬೀಳಬೇಕು. ದಿನಾಂಕ ಬೀಳದ ಬೋರ್ಡನ್ನು ಯಾವ ಡ್ರೈವರೂ ನಂಬುವುದಿಲ್ಲ. ಬಿದ್ದ ಮೇಲೆ ಯಾರೂ ತಕರಾರು ತೆಗೆಯುವುದಿಲ್ಲ.

ಬದಲಿಯವರಲ್ಲಿ ಒಬ್ಬಾಕೆಯನ್ನು ಎಲ್ಲರೂ ಕೊನೇ ಸ್ಟಾಪಿನವಳು ಎನ್ನುತ್ತಾರೆ. ಮನೆ ಊರಾಚೆ, ಬಸ್ಸಿನ ಕೊನೆಯ ನಿಲ್ದಾಣದಿಂದಲೂ ಮುಂದೆ. ಮೊದಲ ಬಸ್ಸು ಹೊರಡುವ ಮುಂಚೆ ಡಿಪೋ ಸೇರಬೇಕಾದ್ದರಿಂದ ಐವತ್ತು ನಿಮಿಷ ಸೈಕಲ್ ತುಳಿದು ಬರಬೇಕು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಬೆಳಿಗ್ಗೆ ಆರಕ್ಕೆ ಪಕ್ಕದ ಮನೆಯವರು ಬಂದು ನೋಡುವ ತನಕ ಆ ತಾಯಿ ಒಬ್ಬರೇ. ಒಂದು ದಿನ ಆಕೆ ಬೋರ್ಡಿನಲ್ಲಿ ತನ್ನ ಹೆಸರಿಲ್ಲದ್ದನ್ನು ನೋಡಿ, ಸೈಕಲ್ಲನ್ನು ಹತ್ತಲಾರದೆ ಅದರ ಹ್ಯಾಂಡಲ್ಲಿಗೇ ಹಣೆ ಒತ್ತಿ ನಿಂತುಬಿಟ್ಟಳು. ಬೋರ್ಡಕ್ಕನ ಕೈಯಲ್ಲಿ ಸೀಮೆಸುಣ್ಣ ಹಾಗೇ ಉಳಿಯಿತು. “ನಾನು ಬರೆಯೋ ಬೋರ್ಡು ಅವಳ ಮನೆಗೇ ಹೋಗೋ ಹಾಗಿದ್ರೆ ಅನ್ನಿಸ್ತು. ಅನ್ನಿಸಿದ್ದು ಬಿಡ್ಲೇ ಇಲ್ಲ” ಎನ್ನುತ್ತಾರೆ.

ಬೋರ್ಡಿನ ಫೋಟೊ ತೆಗೆದು ಕಳಿಸಿದರಾಯಿತಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ. ಬೋರ್ಡಕ್ಕನಿಗೂ ಹೊಳೆದಿತ್ತು. ಆದರೆ ಫೋಟೊ ತೆಗೆದ ಹತ್ತು ನಿಮಿಷಕ್ಕೆ ಇನ್ಯಾರಿಗೋ ಹೊಟ್ಟೆನೋವು ಬರುತ್ತಿತ್ತು. ಹಳೆಯ ಫೋಟೊ, ಹೊಸ ಫೋಟೊ, ನಿನ್ನೆಯ ಫೋಟೊ ಎಲ್ಲ ಕಲಸುಮೇಲೋಗರವಾಗಿ, ಒಂದೇ ಬಸ್ಸಿನ ಬಾಗಿಲಲ್ಲಿ ಇಬ್ಬರು ಡ್ರೈವರುಗಳು ಕೈ ಕೈ ಮಿಲಾಯಿಸುವ ತನಕ ಹೋಯಿತು. ತಿದ್ದಿದರೆ ಎಲ್ಲರ ಕೈಯಲ್ಲೂ ಒಟ್ಟಿಗೇ ತಿದ್ದಿಹೋಗುವ ಬೋರ್ಡು ಬೇಕಿತ್ತು. ಅಂದರೆ ವೆಬ್ ಪುಟ. ಅದು ಅವರಿಗೆ ಗೊತ್ತಾದದ್ದು ಫೋನಿನಲ್ಲಿ ಕಂಡ ಒಂದು ಪಾಠದ ವಿಡಿಯೋದಿಂದ.

ವಿಡಿಯೋದ ಮೇಷ್ಟ್ರು ಒಂದು ಫ್ರೇಮ್‌ವರ್ಕಿನ ಪಾಠ ಹೇಳುತ್ತಿದ್ದರು. ವೆಬ್ ಪುಟ ಕಟ್ಟುವವರು ಪ್ರತಿಸಲವೂ ಬುನಾದಿಯಿಂದ ಶುರು ಮಾಡದಿರಲಿ ಎಂದು ಯಾರೋ ಪುಣ್ಯಾತ್ಮರು ಸಿದ್ಧಮಾಡಿ ಇಟ್ಟ ಚೌಕಟ್ಟು ಅದು. ಹೊಚ್ಚಹೊಸದು, ಬಹಳ ಸುಲಭ, ಐದು ನಿಮಿಷದಲ್ಲಿ ನಿಮ್ಮ ಮೊದಲ ಪುಟ ತಯಾರು ಎಂದು ಮೇಷ್ಟ್ರು ಭರವಸೆ ಕೊಟ್ಟರು. ಬೋರ್ಡಕ್ಕನ ಮೊದಲ ಪುಟಕ್ಕೆ ಹನ್ನೊಂದು ದಿನ ಹಿಡಿಯಿತು. ಅದರಲ್ಲಿ ನಾಲ್ಕು ದಿನ ಆ ಚೌಕಟ್ಟನ್ನು ತಂಗಿ ಕೊಟ್ಟ ಹಳೆಯ ಲ್ಯಾಪ್‌ಟಾಪಿನೊಳಗೆ ಇಳಿಸಿಕೊಳ್ಳುವುದಕ್ಕೇ ಹೋಯಿತು. ಕಪ್ಪು ಪರದೆಯ ಮೇಲೆ ಕೆಂಪು ಅಕ್ಷರ ಬಂದಾಗಲೆಲ್ಲ ತಾವೇನೋ ಸುಟ್ಟುಹಾಕಿದೆವೆಂದು ಹೆದರಿ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಿದ್ದರಂತೆ. ಆ ಕೆಂಪು ಸಾಲಿನಲ್ಲೇ ತಪ್ಪು ಎಲ್ಲಿದೆಯೆಂದು ಬರೆದಿರುತ್ತದೆ ಎಂದು ತಿಳಿಯಲು ಒಂದು ವಾರ ಬೇಕಾಯಿತು.

ಪಾಠ ನಡೆಯುತ್ತಿದ್ದುದು ಮಧ್ಯಾಹ್ನ, ಪಾಳಿ ಮುಗಿದ ಮೇಲೆ, ಮನೆಯ ಮುಂದಿನ ಕೋಣೆಯಲ್ಲಿ. ಅಲ್ಲಿ ಅವರ ಯಜಮಾನರ ಹೊಲಿಗೆ ಮಿಷನ್ನು ಇದೆ. ದರ್ಜಿ ಕೆಲಸದ ಆ ಮನುಷ್ಯನಿಗೆ ಕಂಪ್ಯೂಟರಿನ ಗಂಧಗಾಳಿಯಿಲ್ಲ. ಆದರೂ ಬೋರ್ಡಕ್ಕ ಪಾಠದ ಪುಟ ನೋಡಿ ಟೈಪು ಮಾಡುವಾಗ ಹಿಂದೆ ನಿಂತು, ಕತ್ತರಿಯ ತುದಿಯಿಂದ ಒಂದೊಂದು ಚಿಹ್ನೆಯನ್ನೂ ತೋರಿಸಿ ತಾಳೆ ನೋಡುತ್ತಿದ್ದರು. “ಇವಳು ಬ್ರಾಕೆಟ್ ತೆಗೀತಾಳೆ, ಮುಚ್ಚೋದು ಮರೀತಾಳೆ. ಅಂಗಿಗೆ ಒಂದು ಗುಂಡಿ ಕಮ್ಮಿಯಾದ್ರೆ ನನ್ನ ಕಣ್ಣಿಗೆ ಬೀಳುತ್ತೆ, ಇದು ಬೀಳಲ್ವಾ?” ಎಂದು ದರ್ಜಿ ಮೀಸೆಯಲ್ಲೇ ನಗುತ್ತಾರೆ. ಬೋರ್ಡಕ್ಕ ಅವರತ್ತ ಒಂದು ನೋಟ ಬೀರುತ್ತಾರೆ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅಂಥ ನೋಟಕ್ಕೆ ಅರ್ಥ ಹೇಳಬೇಕಿಲ್ಲ.

ಒಂದು ಮಧ್ಯಾಹ್ನ ಮಾತ್ರ ಅವರ ಕಣ್ಣಲ್ಲಿ ನೀರು ಬಂತು. ಪಟ್ಟಿಯ ಒಂದು ಸಾಲು ಹೇಗಿರಬೇಕೆಂದು ಒಮ್ಮೆ ಬರೆದುಕೊಟ್ಟರೆ ಉಳಿದ ಸಾಲುಗಳನ್ನು ಚೌಕಟ್ಟು ತಾನೇ ಹಾಕಿಕೊಳ್ಳುತ್ತದೆ ಎನ್ನುವ ಪಾಠ ಅದು. “ಒಂದು ಸಾಲು ಬರೆದೆ, ಮೂವತ್ತೆಂಟು ಸಾಲು ತಾನಾಗೇ ನಿಂತ್ಕೊಂಡ್ವು. ಹತ್ತೊಂಬತ್ತು ವರ್ಷ ಈ ಭುಜ ಯಾಕೆ ನೋಯಿಸ್ಕೊಂಡೆ ಅಂತ ಅಳು ಬಂದ್ಬಿಡ್ತು” ಎನ್ನುತ್ತಾ ಬಲಭುಜ ಒತ್ತಿಕೊಳ್ಳುತ್ತಾರೆ.

ಪುಟ ತಯಾರಾದ ಸಂಭ್ರಮದಲ್ಲಿ ಅದರ ವಿಳಾಸವನ್ನು ಮೂವತ್ತೆಂಟು ಜನರಿಗೂ ಕಳಿಸಿದರು. ಯಾರ ಫೋನಿನಲ್ಲೂ ಏನೂ ಕಾಣಲಿಲ್ಲ. ಒಬ್ಬ ಡ್ರೈವರಂತೂ ತನ್ನ ಫೋನೇ ಕೆಟ್ಟಿತೆಂದು ರಿಪೇರಿ ಅಂಗಡಿಗೆ ಕೊಟ್ಟುಬಂದ. ಆಮೇಲೆ ತಿಳಿಯಿತು, ಅದು ಅವರ ಲ್ಯಾಪ್‌ಟಾಪಿನೊಳಗೆ ಮಾತ್ರ ತೆರೆಯುವ ವಿಳಾಸ. ಹೊರಗಿನವರಿಗೆ ಕಾಣಬೇಕಾದರೆ ಪುಟವನ್ನು ಇಂಟರ್ನೆಟ್ಟಿಗೆ ಏರಿಸಬೇಕು, ಅದಕ್ಕೆ ಬೇರೆಯೇ ಪಾಠವಿದೆ. ಹೊಸದಾಗಿ ಕಲಿಯುವವರೆಲ್ಲ ಎಡವುವ ಕಲ್ಲು ಇದೇ ಎಂದು ಪಾಠದ ಕೊನೆಯಲ್ಲಿ ಬರೆದಿತ್ತಂತೆ. ಮೊದಲೇ ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತೋ ಎಂಬ ಸಿಟ್ಟು ಬೋರ್ಡಕ್ಕನಿಗೆ ಇವತ್ತಿಗೂ ಇದೆ.

ಕೊನೆಗೂ ಪುಟ ಎಲ್ಲರಿಗೂ ಕಾಣಿಸಿತು. ಡಿಪೋ ಮ್ಯಾನೇಜರು ಅನುಮಾನದಿಂದಲೇ ಒಂದು ತಿಂಗಳ ಪರೀಕ್ಷೆಗೆ ಒಪ್ಪಿದರು. ಒಂದು ಬಸ್ಸು ನಿಂತರೂ ಮತ್ತೆ ಸೀಮೆಸುಣ್ಣವೇ ಗತಿ ಎನ್ನುವ ಷರತ್ತು ಹಾಕಿದರು. ಎಂಟು ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ಕೊನೇ ಸ್ಟಾಪಿನವಳು ಆ ಎಂಟರಲ್ಲಿ ಐದು ದಿನ ಸೈಕಲ್ ಮುಟ್ಟಲಿಲ್ಲ.

ಎಂಟನೆಯ ಮಧ್ಯಾಹ್ನ ಬೋರ್ಡಕ್ಕ ಹೊಸ ವಿದ್ಯೆಯೊಂದನ್ನು ಕಲಿತರು. ಒಂದೇ ಸಾಲು ಸೇರಿಸಿದರೆ ಸಾಕು, ನೋಡುವವರ ಫೋನಿನಲ್ಲಿ ಆ ದಿನದ ದಿನಾಂಕ ತಾನಾಗಿಯೇ ಮೂಡುತ್ತದೆ. ದಿನಾ ಟೈಪು ಮಾಡುವ ಗೋಜಿಲ್ಲ. ಹಿಗ್ಗಿಹೋದರು. ಸೇರಿಸಿಯೇಬಿಟ್ಟರು.

ಒಂಬತ್ತನೆಯ ಬೆಳಿಗ್ಗೆ ಡಿಪೋದ ಇಂಟರ್ನೆಟ್ ಕೈಕೊಟ್ಟಿತು. ಹೊಸ ಪಟ್ಟಿ ಪುಟಕ್ಕೆ ಏರಿದ್ದು ಐದಕ್ಕೆ ಐದು ನಿಮಿಷ ಇದ್ದಾಗ. ಅಷ್ಟರಲ್ಲಿ, ನಾಲ್ಕೂವರೆಗೇ, ಕೊನೇ ಸ್ಟಾಪಿನವಳು ಪುಟ ತೆರೆದಿದ್ದಳು. ಕಂಡದ್ದು ನಿನ್ನೆಯ ಪಟ್ಟಿ. ಆದರೆ ಅದರ ಮೂಲೆಯಲ್ಲಿ ಇವತ್ತಿನ ದಿನಾಂಕ. ಡಿಪೋದವರು ದಿನಾಂಕ ಕಂಡರೆ ಮುಗಿಯಿತು, ಮತ್ತೆ ತಿರುಗಿ ನೋಡುವುದಿಲ್ಲ. ತನ್ನ ಹೆಸರಿಲ್ಲವೆಂದು ಆಕೆ ತಾಯಿಗೆ ಗಂಜಿ ಮಾಡಲು ಎದ್ದುಹೋದಳು. ಇತ್ತ ಆರೂ ಹತ್ತಕ್ಕೆ ಆಸ್ಪತ್ರೆಯ ದಾರಿಯಲ್ಲಿ ಆಕೆ ಓಡಿಸಬೇಕಿದ್ದ ಬಸ್ಸು ನಿಂತಲ್ಲೇ ನಿಂತಿತು. ರೋಗಿಗಳು ಮುಕ್ಕಾಲು ಗಂಟೆ ರಸ್ತೆ ಬದಿಯಲ್ಲಿ ಕಾದರು.

ಗೈರುಹಾಜರಿಯ ನೋಟಿಸು ಆಕೆಯ ಹೆಸರಿಗೆ ಹೋಯಿತು. ಬದಲಿ ಡ್ರೈವರಿಗೆ ಅದು ಸಣ್ಣ ಕಾಗದವಲ್ಲ. ಒಂದು ಕಪ್ಪು ಚುಕ್ಕೆ ಬಿದ್ದರೆ ಕಾಯಂ ಆಗುವ ಮಾತು ಎರಡು ವರ್ಷ ಹಿಂದಕ್ಕೆ ಹೋಗುತ್ತದೆ. ಆಕೆ ಆರು ವರ್ಷದಿಂದ ಕಾಯುತ್ತಿದ್ದವಳು. ಸುದ್ದಿ ಬೋರ್ಡಕ್ಕನಿಗೆ ಮುಟ್ಟಿತು. ಬಸ್ಸು ನಿಂತದ್ದು ಯಾಕೆಂದು ತಡಕಾಡಬೇಕಾಗಲಿಲ್ಲ. ಫೋನು ತೆರೆದು ಆ ಮೂಲೆ ನೋಡಿದೊಡನೆ ಗೊತ್ತಾಯಿತು. “ಬೋರ್ಡು ಮುಗಿದಿದೆ ಅಂತ ಹೇಳೋ ಅಧಿಕಾರ ಇದ್ದದ್ದು ನನ್ನ ಕೈಗೆ. ಅದನ್ನ ಫೋನಿಗೆ ಕೊಟ್ಬಿಟ್ಟಿದ್ದೆ. ಫೋನಿಗೇನು ಗೊತ್ತು, ನಾನು ಮುಗ್ಸಿದ್ದೀನೋ ಇಲ್ವೋ ಅಂತ?”

ತಪ್ಪು ಪೂರ್ತಿ ತನ್ನದೆಂದು ಅವರು ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಮ್ಯಾನೇಜರ ಮೇಜಿನ ಮೇಲಿಟ್ಟರು. ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ, ಆ ಹುಡುಗಿಯ ತಂಟೆಗೆ ಹೋಗಬೇಡಿ ಎಂದರು. ಮ್ಯಾನೇಜರು ಕೆಟ್ಟ ಮನುಷ್ಯರಲ್ಲ. ನೋಟಿಸು ಹಿಂದಕ್ಕೆ ಬಂತು. ಆದರೆ ಮಾತು ಮಾತೇ, ಪುಟ ಬಂದ್ ಆಯಿತು. ಮರುದಿನದಿಂದ ಮೂವತ್ತೆಂಟು ಜನವೂ ಮತ್ತೆ ಕತ್ತಲಲ್ಲಿ ಬೋರ್ಡಿನ ಮುಂದೆ. ಯಾರೂ ಬೋರ್ಡಕ್ಕನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನ್ನುತ್ತಾರೆ ಅವರು.

ಎರಡು ದಿನ ಲ್ಯಾಪ್‌ಟಾಪು ಮಿಷನ್ನಿನ ಕೆಳಗೆ, ಬಟ್ಟೆ ಚೂರುಗಳ ನಡುವೆ ಬಿದ್ದಿತ್ತು. ಮೂರನೆಯ ದಿನ ದರ್ಜಿ ಅದನ್ನು ಒರೆಸಿ ಮೇಜಿನ ಮೇಲಿಟ್ಟು, ತಪ್ಪು ಹೊಲಿದ ಅಂಗಿಯನ್ನು ಬಿಚ್ಚಿ ಹೊಲಿಯುತ್ತಾರೆಯೇ ಹೊರತು ಮಿಷನ್ನನ್ನು ಯಾರೂ ಬಿಸಾಡುವುದಿಲ್ಲ ಎಂದರು. ಬೋರ್ಡಕ್ಕ ಆ ಒಂದು ಸಾಲನ್ನು ಕಿತ್ತುಹಾಕಿದರು. ದಿನಾಂಕವನ್ನು ತಮ್ಮ ಕೈಯಾರೆ ಬರೆದರೆ ಮಾತ್ರ ಮೂಡಬೇಕು, ಬರೆಯುವ ತನಕ ಪಟ್ಟಿಯ ಜಾಗದಲ್ಲಿ ‘ಬೋರ್ಡು ಇನ್ನೂ ಮುಗಿದಿಲ್ಲ, ಸ್ವಲ್ಪ ತಾಳಿ’ ಎಂದು ಇರಬೇಕು, ಹಾಗೆ ಮಾಡಿದರು. ಕೇಳಲು ಸುಲಭ. ಮಾಡಲು ಒಂಬತ್ತು ಮಧ್ಯಾಹ್ನ ಹಿಡಿಯಿತು.

ಪುಟ ಮತ್ತೆ ತೆರೆಯೋಣ ಎಂದರೆ ಮ್ಯಾನೇಜರು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. ಆಗ ಅವರ ಕೋಣೆಗೆ ಹೋದದ್ದು ಕೊನೇ ಸ್ಟಾಪಿನವಳು. ಜೋರಾಗಿ ಮಾತಾಡುವವಳಲ್ಲ. ಬಾಗಿಲಲ್ಲೇ ನಿಂತು ಹೇಳಿದ್ದು ಇಷ್ಟೇ: “ಸಾರ್, ಅದರಿಂದ ತೊಂದರೆ ಆಗಿದ್ದು ನನಗೆ. ಬೇಕು ಅಂತ ಕೇಳ್ತಿರೋದೂ ನಾನೇ. ನಾನಿಲ್ಲಿ ಬಂದು ನಿಂತಿರೋವಾಗ ನಮ್ಮಮ್ಮ ಒಬ್ರೇ ಇರ್ತಾರೆ.” ಮ್ಯಾನೇಜರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರಂತೆ. ಮರುದಿನ ಪುಟ ಮತ್ತೆ ತೆರೆಯಿತು.

ಅದಾಗಿ ಏಳು ತಿಂಗಳು. ಒಂದು ಬಸ್ಸೂ ನಿಂತಿಲ್ಲ. ದಿನಕ್ಕೆ ಸರಾಸರಿ ಹದಿನಾರು ಬದಲಾವಣೆ, ಎಲ್ಲವೂ ಎರಡು ಬೆರಳಿನಲ್ಲೇ. ಗೋಡೆಯ ಬೋರ್ಡನ್ನೂ ಅವರು ಬಿಟ್ಟಿಲ್ಲ. ಪುಟ ಮುಗಿಸಿ, ಸ್ಟೂಲು ಹತ್ತಿ, ಅದನ್ನೂ ಬರೆಯುತ್ತಾರೆ. ಇಷ್ಟಕ್ಕೆ ಅವರಿಗೆ ಹುದ್ದೆ ಏರಿಲ್ಲ, ಯಾರೂ ಹಾರ ಹಾಕಿಲ್ಲ. ಪಕ್ಕದ ಡಿಪೋದವರು ಬಂದು ನೋಡಿ, ಈ ಪುಟ ಕಟ್ಟಿದ ಎಂಜಿನಿಯರು ಯಾರು ಎಂದು ಮ್ಯಾನೇಜರನ್ನು ಕೇಳಿದರಂತೆ. ಸ್ಟೂಲಿನ ಮೇಲೆ ನಿಂತು ಬರೆಯುತ್ತಿದ್ದ ಬೋರ್ಡಕ್ಕ ತಿರುಗಿಯೂ ನೋಡಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು ಎಂದು ಟಯರಿನವರು ವರದಿ ಮಾಡುತ್ತಾರೆ.

ಈ ವಾರ ಡಿಪೋಗೆ ಒಂದು ಆದೇಶ ಬಂದಿದೆ. ಕೊನೇ ಸ್ಟಾಪಿನವಳು ಸೋಮವಾರದಿಂದ ಕಾಯಂ. ಅಂದರೆ ದಿನದ ಪಟ್ಟಿಗೆ ಹೆಸರು ಆರಿಸುವ, ಮೂವತ್ತೆಂಟು ಬದಲಿಯವರ ಮೂಲ ಪಟ್ಟಿಯಿಂದಲೇ ಆಕೆಯ ಹೆಸರು ಹೋಗಬೇಕು. ಇಷ್ಟು ದಿನ ಆ ಪಟ್ಟಿಯಿಂದ ಯಾರನ್ನೂ ತೆಗೆಯುವ ಪ್ರಸಂಗ ಬಂದಿರಲಿಲ್ಲ, ಆ ಪಾಠ ಬೋರ್ಡಕ್ಕ ಇನ್ನೂ ಓದಿರಲಿಲ್ಲ. ಇವತ್ತು ಮಧ್ಯಾಹ್ನ ಕೂತು ಓದುತ್ತಾರೆ. ಮೊದಲು ಪುಟದ ನಕಲಿನ ಮೇಲೆ ಪ್ರಯೋಗ ಮಾಡುತ್ತಾರೆ. ಗುಂಡಿ ಒತ್ತಿದರೆ ಇಡೀ ಪಟ್ಟಿಯೇ ಖಾಲಿ. ದರ್ಜಿ ಬಗ್ಗಿ ನೋಡಿ, “ಎಲ್ಲರನ್ನೂ ಒಂದೇ ಏಟಿಗೆ ಕಾಯಂ ಮಾಡ್ಬಿಟ್ಯಲ್ಲೇ” ಎನ್ನುತ್ತಾರೆ. ಬೋರ್ಡಕ್ಕ ಸೆರಗು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ.

ಮೂರನೆಯ ಸಲಕ್ಕೆ ಸರಿಹೋಗುತ್ತದೆ. ಒಂದೇ ಹೆಸರು ಹೋಗಿ ಕೆಳಗಿನ ಹೆಸರುಗಳು ಒಂದೊಂದು ಮೆಟ್ಟಿಲು ಮೇಲೆ ಬರುತ್ತವೆ. ಬೋರ್ಡಕ್ಕ ಆ ಪಟ್ಟಿಯನ್ನು ಬೆರಳಿಟ್ಟು ಎಣಿಸುತ್ತಾರೆ. ಮುಂದೇನು ಎಂದು ಕೇಳಿದರೆ ಕನ್ನಡಕ ತೆಗೆದು ಒರೆಸುತ್ತಾ ಹೇಳುತ್ತಾರೆ: “ಇನ್ನೂ ಮೂವತ್ತೇಳು ಹೆಸರಿದೆ. ತೆಗೆಯೋದು ನಾನು ಕಲ್ತಾಯ್ತು. ಕಾಯಂ ಮಾಡೋದನ್ನ ಇನ್ನು ಮೇಲಿನ ಸಾಹೇಬ್ರು ಕಲೀಬೇಕು.”