ಒಂದು ಮೋಲ್, ಒಂದು ಮೊಳ

ಕಾಲೇಜು ಸೇರಿದ ಮೊದಲ ತಿಂಗಳನ್ನು ನಾನು ನಿದ್ದೆಗಣ್ಣಲ್ಲೇ ಕಳೆದೆ ಎನ್ನಬೇಕು. ಎಚ್ಚರವಾಗಿಯೇ ಇರುತ್ತಿದ್ದೆ, ಆದರೆ ಕಿವಿಗೆ ಬಿದ್ದದ್ದೆಲ್ಲ ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು. ಹತ್ತನೇ ಕ್ಲಾಸಿನವರೆಗೆ ನಮ್ಮೂರು ಬಿಳಿಚೋಡಿನಲ್ಲಿ ಕನ್ನಡದಲ್ಲಿ ಓದಿದವಳು. ಜಗಳೂರಿಗೆ ಬಂದು ಪಿಯುಸಿ ಸೈನ್ಸ್ ಸೇರಿದ್ದೇ ತಡ, ಆಮ್ಲ ಆಸಿಡ್ ಆಯಿತು, ಪರಮಾಣು ಆಟಮ್ ಆಯಿತು, ನಾನು ಪೆದ್ದಿಯಾದೆ. ಬೆಳಿಗ್ಗೆ ಬಸ್ಸಿನ ಕಿಟಕಿಯಲ್ಲಿ ಗುಡ್ಡದ ಮೇಲಿನ, ಕರೆಂಟ್ ಮಾಡುವ ಗಾಳಿ ಫ್ಯಾನುಗಳು ನಿಧಾನವಾಗಿ ತಿರುಗುವುದನ್ನು ನೋಡುತ್ತಾ ಬರುತ್ತಿದ್ದೆ. ಕ್ಲಾಸಿನಲ್ಲಿ ಕೂತ ಮೇಲೂ ಅವು ತಲೆಯೊಳಗೆ ತಿರುಗುತ್ತಲೇ ಇರುತ್ತಿದ್ದವು.

ಅಪ್ಪ ಗೂಡ್ಸ್ ಆಟೋ ಓಡಿಸುತ್ತಿದ್ದ. "ಒಂದು ತಿಂಗ್ಳು ನೋಡು. ತಲೆಗೆ ಹತ್ಲಿಲ್ಲ ಅಂದ್ರೆ ನಾನೇ ಬಂದು ಆರ್ಟ್ಸಿಗೆ ಹಾಕಿಸ್ತೀನಿ" ಎಂದಿದ್ದ. ಪ್ರೀತಿಯಿಂದ ಹೇಳಿದ ಮಾತೇ, ಆದರೂ ಅಂದಿನಿಂದ ನಾನು ದಿನ ಎಣಿಸತೊಡಗಿದೆ. ನನಗೆ ಕೆಮಿಸ್ಟ್ರಿ ಬಿಡಲು ಇಷ್ಟವಿರಲಿಲ್ಲ. ಕಾರಣ ಹೇಳಿದರೆ ನಗುತ್ತೀರಿ: ಲ್ಯಾಬಿನ ಕಪಾಟಿನಲ್ಲಿದ್ದ ಮೈಲುತುತ್ತದ ಹರಳುಗಳ ನೀಲಿ. ಅಂಥ ನೀಲಿಯನ್ನು ಬಿಟ್ಟು ಬೇರೆ ಕೋಣೆಯಲ್ಲಿ ಹೋಗಿ ಹೇಗೆ ಕೂರುವುದು?

ನಮ್ಮ ಕೆಮಿಸ್ಟ್ರಿ ಸರ್ ನ್ಯಾಮತಿ ಕಡೆಯವರು, ಬೋರ್ಡಿನ ಜೊತೆಗೇ ಮಾತಾಡುತ್ತಿದ್ದಾರೇನೋ ಎನ್ನುವಂತೆ ಅತ್ತಲೇ ಮುಖ ಮಾಡಿ ಪಾಠ ಮಾಡುವವರು. ಒಂದು ಮಧ್ಯಾಹ್ನ ಹೊಸ ಅಳತೆಯೊಂದರ ಹೆಸರು ಹೇಳಿದರು. ನನಗೆ ಕೇಳಿಸಿದ್ದು ಮೊಳ. ಆಹಾ, ಕೊನೆಗೂ ಗೊತ್ತಿರುವುದೊಂದು ಬಂತು! ನಮ್ಮ ಅವ್ವ ಮನೆ ಮುಂದೆ ಕೂತು ಸೇವಂತಿಗೆ ಕಟ್ಟಿ ಮೊಳದ ಲೆಕ್ಕದಲ್ಲಿ ಮಾರುತ್ತಾಳೆ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ. ಅವ್ವನದು ಉದ್ದ ಕೈ, ಪಕ್ಕದಲ್ಲೇ ಹೂ ಮಾರುವ ಚಿಕ್ಕಮ್ಮನದು ಗಿಡ್ಡ ಕೈ. ಹಾಗಾಗಿ ಹೆಂಗಸರು ಚಿಕ್ಕಮ್ಮನನ್ನು ಚೆನ್ನಾಗಿ ಮಾತಾಡಿಸಿ, ಹೂವನ್ನು ಅವ್ವನ ಹತ್ತಿರ ಕೊಳ್ಳುತ್ತಾರೆ.

ಕೈ ಎತ್ತಿದೆ. ಕಾಲೇಜಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಅದು.

"ಸರ್, ಯಾರ ಕೈಯಿಂದ ಅಳೀಬೇಕ್ರಿ?"

ಸರ್ ಸೀಮೆಸುಣ್ಣ ನಿಲ್ಲಿಸಿದರು. "ಯಾರ ಕೈ ಅಂದ್ರೆ?"

"ಮೊಳ ಒಬ್ಬೊಬ್ರದು ಒಂದೊಂದು ಥರ ಇರ್ತೈತಲ್ಲ ಸರ್. ನಮ್ಮವ್ವಂದು ಉದ್ದ..."

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ನನ್ನ ಹೆಸರೇ ಮೊಳ. ಸರ್ ಕೂಡ ನಕ್ಕರು, ಆದರೆ ನಗುತ್ತಲೇ ನಮ್ಮ ಕಡೆ ತಿರುಗಿ ನಿಂತರು. "ಮೊಳ ಅಲ್ಲಮ್ಮ, ಮೋಲ್. ಡಜನ್ ಇದ್ದಂಗೆ, ಕಣಗಳನ್ನ ಎಣಿಸೋ ಲೆಕ್ಕ. ಆದ್ರೆ ನೀನು ಕೇಳಿದ್ದು ಸರಿಯಾಗೇ ಐತೆ. ಕೈ ಬದಲಾದ್ರೆ ಅಳತೆ ಬದಲಾಗಬಾರದು ಅಂತಾನೇ ಇದನ್ನ ಮಾಡಿರೋದು. ಜಗಳೂರಲ್ಲಿ ಅಳೆದ್ರೂ ಹೊನ್ನಾಳೀಲಿ ಅಳೆದ್ರೂ ಮೋಲ್ ಒಂದೇ." ಅಷ್ಟು ತಿಳಿಯಿತು. ಅದರ ಮುಂದಿನ ಲೆಕ್ಕ ಬಂದಾಗ ಮತ್ತೆ ನೀರಿನೊಳಗೆ ಮುಳುಗಿದೆ.

ಹೀಗೆ ತಿಂಗಳು ಮುಗಿಯುತ್ತಾ ಬಂತು. ಶನಿವಾರ ಬರುತ್ತೇನೆಂದು ಅಪ್ಪ ಹೇಳಿದ್ದ. ಶುಕ್ರವಾರ ನಮಗೆ ಲ್ಯಾಬ್ ಇತ್ತು. ಫ್ಲಾಸ್ಕಿನಲ್ಲಿ ಬಣ್ಣವಿಲ್ಲದ ಆಸಿಡ್, ಅದರ ಮೇಲೆ ಸ್ಟ್ಯಾಂಡಿಗೆ ಸಿಕ್ಕಿಸಿದ ಬ್ಯೂರೆಟ್ ಎಂಬ ಉದ್ದನೆಯ ಗಾಜಿನ ಕೊಳವೆಯಲ್ಲಿ ಕ್ಷಾರ. ಫ್ಲಾಸ್ಕಿಗೆ ಬಣ್ಣ ತೋರಿಸುವ ಇಂಡಿಕೇಟರ್ ಹಾಕಿ, ಮೇಲಿನಿಂದ ಕ್ಷಾರವನ್ನು ಹನಿಹನಿಯಾಗಿ ಬಿಡಬೇಕು. ತಿಳಿ ಗುಲಾಬಿ ಬಂದು ನಿಂತ ಕೂಡಲೇ ಬ್ಯೂರೆಟ್ಟಿನ ತಿರುಪು ತಿರುಗಿಸಿ ನಿಲ್ಲಿಸಬೇಕು. ಮೊದಲ ಸಲ ನಾನು ಆತುರಪಟ್ಟಿದ್ದಕ್ಕೆ ಎಲ್ಲವೂ ಕಡುಗುಲಾಬಿಯಾಯಿತು. "ಓಕುಳಿ ಆಡಾಕೆ ಬಂದೀಯೇನಮ್ಮ?" ಎಂದು ಸರ್ ಮುಂದೆ ಹೋದರು.

ಎಲ್ಲ ಚೆಲ್ಲಿ, ತೊಳೆದು, ಮತ್ತೆ ಶುರುಮಾಡಿದೆ. ಹನಿ ಬಿದ್ದಲ್ಲಿ ಗುಲಾಬಿ ಮೂಡುತ್ತಿತ್ತು, ಫ್ಲಾಸ್ಕ್ ತಿರುಗಿಸಿದರೆ ಕರಗಿ ಹೋಗುತ್ತಿತ್ತು. ಮೂಡುವುದು, ಕರಗುವುದು. ಕಿಟಕಿಯ ಬಿಸಿಲು ಗಾಜಿನೊಳಗೆ ಇಳಿದು ಕೆಳಗಿನ ಬಿಳಿ ಟೈಲಿನ ಮೇಲೆ ಅಲ್ಲಾಡುತ್ತಿತ್ತು. ಸುತ್ತಲಿನ ಗಲಾಟೆ ಎಲ್ಲೋ ದೂರದ ಊರಿನದಾಯಿತು. ಒಂದೊಂದು ಹನಿಗೂ ಗುಲಾಬಿ ಕೊಂಚ ಹೆಚ್ಚು ಹೊತ್ತು ಉಳಿಯತೊಡಗಿತು. ಆಮೇಲೆ ಒಂದು ಹನಿ ಬಿತ್ತು, ಬಣ್ಣ ಹೋಗಲಿಲ್ಲ. ಇದ್ದೂ ಇಲ್ಲದಂಥ ಗುಲಾಬಿ. ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರೇ ಬಂತು. ಪಕ್ಕದಲ್ಲಿದ್ದ ಸೊಕ್ಕೆ ಊರಿನ ಹುಡುಗಿ ಕಣ್ಣಿಗೆ ಆಸಿಡ್ ಹಾರಿತೇನೋ ಎಂದು ಗಾಬರಿಯಾಗಿ ನನ್ನನ್ನು ನೀರಿನ ನಲ್ಲಿಯ ಕಡೆ ಎಳೆದಳು.

ಮರುದಿನ ಅಪ್ಪ ಆಟೋವನ್ನು ಗೇಟಿನ ಹೊರಗೆ ನಿಲ್ಲಿಸಿ ಒಳಗೆ ಬಂದ. ಮದುವೆಗೆ ಹೋಗುವಾಗಿನ ಅಂಗಿ ಹಾಕಿಕೊಂಡಿದ್ದ. ಆಫೀಸಿನ ಮೆಟ್ಟಿಲ ಹತ್ತಿರ ನಿಂತು ಕೇಳಿದ: "ಏನಂತೀಯ? ತಿಳಿತೈತಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲಪ್ಪ. ಅರ್ಧಕ್ಕರ್ಧ ತಿಳಿಯಲ್ಲ."

ಅವನು ತಲೆಯಾಡಿಸಿ ಮೆಟ್ಟಿಲು ಹತ್ತಿದ. ನಾನು ಅವನ ಅಂಗಿಯ ತೋಳು ಹಿಡಿದುಕೊಂಡೆ. "ಆದ್ರೆ ಬಿಡಾಕೆ ಆಗಲ್ಲಪ್ಪ ನಂಗೆ."

ಅಪ್ಪ ನನ್ನ ಮುಖವನ್ನೇ ನೋಡಿದ. ಬಣ್ಣದ ವಿಷಯ ಹೇಗೆ ಹೇಳುವುದೆಂದು ತಿಳಿಯದೆ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದೆ. ಅವನು ಮೆಟ್ಟಿಲು ಇಳಿದು ನನ್ನ ಭುಜ ಹಿಡಿದು ಕ್ಲಾಸಿನ ಕಡೆ ತಿರುಗಿಸಿದ.

"ತಿಳಿದಿರೋದನ್ನೇ ಓದಾಕೆ ಕಾಲೇಜು ಯಾಕೆ ಬೇಕು? ನಡಿ, ಗಂಟೆ ಹೊಡೀತು."