ಮಂಚದ ಕೆಳಗಿನ ಒಲೆ

ಟೈಲರಮ್ಮನ ಸುದ್ದಿ ಅಜ್ಜಿಯ ಕಿವಿಗೆ ಮೊದಲು ಬಿದ್ದದ್ದು ಮನೆ ಒಡತಿಯ ಬಾಯಿಂದ, ಅದೂ ಪಿಸುಮಾತಿನಲ್ಲಿ.

"ಒಬ್ಳು ಟೈಲರ್ ಮನೆಮನೆಗೂ ಬಂದು ನಿಯಮ ಬದಲಾಗ್ಬೇಕು ಅಂತಿದಾಳಂತೆ. ಬಾಗಿಲು ತೆಗೀಬೇಡಿ ಅಜ್ಜಿ. ಈ ರೂಮಿನ ವಿಷಯ ಹೊರಗೆ ಬಿದ್ರೆ ನೀವು ಬೀದಿಪಾಲು, ನಾನೂ ಮುಳುಗ್ತೀನಿ."

ಆ ಬಡಾವಣೆಯಲ್ಲಿ ಒಂದು ಸೈಟಿಗೆ ಒಂದೇ ಮನೆ ಎಂಬುದು ನಿಯಮ. ಎರಡನೆಯ ಒಲೆ ಕಣ್ಣಿಗೆ ಬಿದ್ದರೆ ಎರಡನೆಯ ಮನೆಯೆಂದೇ ಲೆಕ್ಕ. ನಗರಸಭೆಯವರು ಖಾಲಿ ಮಾಡಿಸಿ ಬೀಗ ಜಡಿಯುತ್ತಿದ್ದರು. ಗಂಡ ಹೋದ ಮೇಲೆ ಅಜ್ಜಿಗಿದ್ದ ನೆಲೆ ಆ ಹಿತ್ತಲ ರೂಮೊಂದೇ. ಗೇಟು ಕಿರ್ರೆಂದರೆ ಸಾಕು, ಕರೆಂಟ್ ಒಲೆಯನ್ನು ಮಂಚದಡಿ ತಳ್ಳಿ, ಹೊದಿಕೆ ಇಳಿಬಿಟ್ಟು, ಒಡತಿಯ ಅತ್ತೆಯಂತೆ ನಟಿಸುತ್ತ ಕಾಲು ಚಾಚಿ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಅನ್ನ ಬೇಯುವಾಗಲೇ ಗೇಟು ಸದ್ದಾಯಿತು. ಅಜ್ಜಿ ಪಾತ್ರೆ ಇಳಿಸಿ, ಪ್ಲಗ್ ಕಿತ್ತು, ಕೆಂಪಗೆ ಕಾದಿದ್ದ ಒಲೆಯನ್ನೇ ಮಂಚದಡಿ ತಳ್ಳಿದಳು. ಬಾಗಿಲಲ್ಲಿ, ಕೊರಳಿಗೆ ಅಳತೆ ಟೇಪು ಹಾಕಿಕೊಂಡ ಹೆಂಗಸು.

"ನಾನು ಒಡತಿ ಅತ್ತೆ" ಎಂದಳು ಅಜ್ಜಿ, ಯಾರೂ ಕೇಳುವ ಮೊದಲೇ.

"ಆಯ್ತು ಅತ್ತೆಮ್ಮ. ನಿಮ್ಮ ಮಂಚ ಬೀಡಿ ಸೇದುತ್ತಾ? ಹೊಗೆ ಬರ್ತಿದೆ."

ಹೊದಿಕೆಗೆ ಕಿಡಿ ಹತ್ತಿತ್ತು. ಟೈಲರಮ್ಮ ಅದನ್ನೆಳೆದು ಬರಿಗೈಯಲ್ಲೇ ಹೊಸಕಿದಳು. ಸುಟ್ಟ ಅಂಗೈಯನ್ನು ಚೊಂಬಿನ ನೀರಿಗಿಳಿಸಿ ಕುಳಿತು ಹೇಳಿದಳು:

"ನಾನು ಬಾಡಿಗೆಗಿರೋದು ಒಂದು ಕಾರ್ ಶೆಡ್ಡಲ್ಲಿ. ಒಲೆ ಹೊಲಿಗೆ ಮಿಷನ್ ಹಿಂದೆ ಅಡಗಿರುತ್ತೆ. ಹಿತ್ತಲಲ್ಲಿ, ಅಂಗಡಿ ಮೇಲೆ ಸಣ್ಣ ಮನೆಗಳಿಗೆ ಅವಕಾಶ ಕೊಡಿ ಅಂತ ನಗರಸಭೆಯವರ ಸಭೇಲಿ ಕೇಳ್ತೀನಿ. ನನ್ನ ವಿಳಾಸಾನೂ ಹೇಳ್ತೀನಿ."

"ಹೇಳಿದ್ರೆ ಮೊದ್ಲು ನಿನ್ನನ್ನೇ ಎಬ್ಬಿಸ್ತಾರೆ ಮಗಳೇ."

"ಗೊತ್ತಮ್ಮ. ಹೆದರಿಕೆನೂ ಇದೆ. ಆದ್ರೆ ನಾವೆಲ್ಲ ಯಾರೋ ಒಬ್ಬರ ಅತ್ತೆ, ನಾದಿನಿ ಆಗಿಬಿಟ್ರೆ, ಇಲ್ಲಿ ಬಾಡಿಗೆಯವರೇ ಇಲ್ಲ ಅಂತಾರೆ. ಇಲ್ಲದವರಿಗೆ ಯಾರು ನಿಯಮ ಬದಲಾಯಿಸ್ತಾರೆ?"

ಅಜ್ಜಿ ಸಭೆಗೆ ಹೋಗಲಿಲ್ಲ. ಟೈಲರಮ್ಮ ಒಬ್ಬಳೇ ಎದ್ದು ನಿಂತು ಹೇಳಿದ್ದು, ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದದ್ದು, ತೀರ್ಮಾನವನ್ನು ಮುಂದಿನ ಸಭೆಗೆ ತಳ್ಳಿದ್ದು, ಎಲ್ಲ ಒಡತಿಯಿಂದಲೇ ತಿಳಿಯಿತು. ಆ ವಾರವೇ ಶೆಡ್ಡಿಗೆ ಬೀಗ ಬಿತ್ತು.

ಮತ್ತೆ ಗೇಟು ಕಿರ್ರೆಂದಾಗ ಅಜ್ಜಿಯ ಕೈ ತಾನಾಗಿಯೇ ಒಲೆಯತ್ತ ಹೋಯಿತು. ಬಂದವಳು ಟೈಲರಮ್ಮ. ಹೊರಗೆ ತಳ್ಳುಗಾಡಿಯ ಮೇಲೆ ಅವಳ ಮಿಷನ್ನು ಕಾಲು ಮೇಲಾಗಿ ಮಲಗಿತ್ತು. ಹೊರಟದ್ದು ಬೇರೆ ಊರಿನ ಅಕ್ಕನ ಮನೆಗೆ. ಅಂಗೈಯ ಗಾಯ ಇನ್ನೂ ಮಾಗಿರಲಿಲ್ಲ.

"ಮುಂದಿನ ಸಭೆಗೆ ನಾನಿರಲ್ಲ, ಅತ್ತೆಮ್ಮ" ಎಂದು ನಗಲು ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು: "ನಾನು ಯಾರ ಅತ್ತೆಯೂ ಅಲ್ಲ, ಈ ರೂಮಲ್ಲಿ ಬಾಡಿಗೆಗಿದೀನಿ ಅಂತ ನೀವು ಹೋಗಿ ಹೇಳ್ತೀರಾ?"